ಎಣಿಸದ ಹುಳುಗಳು

ನಾಲ್ಕನೆಯ ಜ್ವರ ಬಿಟ್ಟು ಹತ್ತನೆಯ ದಿನವೂ ಹುಳುಗಳು ಸೊಪ್ಪು ತಿನ್ನುತ್ತಲೇ ಇದ್ದವು. ರೇಷ್ಮೆ ಹುಳು ಪೊರೆ ಕಳಚಲು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಮುಗಿದ ಮೇಲೆ ಏಳೆಂಟು ದಿನ ತಿಂದು, ಮೈ ಹಳದಿಗೆ ತಿರುಗಿ, ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಅದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ನಾವು ಪ್ರಯೋಗಕ್ಕೆಂದು ಸಿಂಪಡಿಸಿದ ಔಷಧದಿಂದ ಒಂದು ದಿನ ತಡವಾಗಬೇಕಿತ್ತು, ಅಷ್ಟೇ. ಆದರೆ ನನ್ನಿವಾಳ ಊರಿನ ಆ ಹುಳುವಿನ ಮನೆಯ ಬಾಗಿಲಲ್ಲಿ ನಾನು ನಿಂತಾಗ ಒಂದು ಹುಳುವೂ ತಲೆ ಎತ್ತಿರಲಿಲ್ಲ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಒಣಗಿಸಿ ಗೋಡೆಗೆ ಒರಗಿಸಿದ್ದರು. ಅವು ಖಾಲಿ ನಿಂತಿದ್ದವು. ಒಳಗೆ ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸದ್ದೊಂದೇ ಎಡೆಬಿಡದೆ ನಡೆದಿತ್ತು.

"ನೋಡ್ರಿ ಮೇಡಂ, ಹೆಂಗವೆ," ಎಂದರು ಯಜಮಾನಿ. ಐವತ್ತು ದಾಟಿದ ಹೆಂಗಸು. ಗಂಡ ಹೋದ ಮೇಲೆ ಮಗ ಸೊಸೆಯನ್ನು ಕಟ್ಟಿಕೊಂಡು ಹುಳು ಸಾಕಿ ಮನೆ ನಿಲ್ಲಿಸಿದವರು. "ಇಂಥಾ ದಪ್ಪ ಹುಳ ನಾನು ಹುಟ್ಟಿದಾಗಿಂದ ಕಂಡಿಲ್ಲ. ಚೆಂದ ಅವೆ. ಅದಕ್ಕೇ ಹೆದರಿಕೆ ಆಗ್ತೈತೆ."

ನನಗೂ ಹೆದರಿಕೆಯಾಯಿತು. ತೋರಿಸಿಕೊಳ್ಳಲಿಲ್ಲ. ಹತ್ತು ಹುಳು ಕೇಳಿ ತೆಗೆದುಕೊಂಡು, ಪಡಸಾಲೆಯಲ್ಲಿ ಕೂತು, ಮಂಜುಗಡ್ಡೆಯ ಮೇಲಿಟ್ಟ ಉಪ್ಪುನೀರಿನ ತಟ್ಟೆಯಲ್ಲಿ ಒಂದೊಂದನ್ನೇ ಸೀಳಿ ರೇಷ್ಮೆ ಗ್ರಂಥಿಗಳನ್ನು ಬಿಡಿಸಿದೆ. ಅವನ್ನು ಪುಟ್ಟ ಕೊಳವೆಗಳಿಗೆ ತುಂಬಿ ದ್ರವ ಸಾರಜನಕದ ಕ್ಯಾನಿಗೆ ಇಳಿಸಿದೆ. ಕೈ ತೊಳೆಯಲು ನೀರು ಕೇಳಿದಾಗಲೇ ಗೊತ್ತಾದದ್ದು, ಯಾವಾಗಲೂ ನೀರು ತರುತ್ತಿದ್ದ ಸೊಸೆ ಮನೆಯಲ್ಲಿಲ್ಲ ಎಂದು.

"ಸೊಸೆ ಎಲ್ಲಿ?"

"ನಿನ್ನೆ ತವರಿಗೆ ಕಳಿಸಿದ್ವಿ, ಮೊಳಕಾಲ್ಮೂರಿಗೆ." ಯಜಮಾನಿ ಚೊಂಬು ನನ್ನ ಮುಂದಿಟ್ಟರು. "ನೀವು ಔಷಧ ಹೊಡೆದ್ರಲ್ಲ, ಅವತ್ತು ಅವಳು ಹೊರಗಾಗಿದ್ಲಂತೆ. ಹೇಳದೆ ಒಳಕ್ಕೆ ಬಂದವ್ಳೆ. ನಮ್ಮ ಅತ್ತೆ ಕಾಲದಿಂದ ಯಾರೂ ಹಂಗೆ ಮಾಡಿಲ್ಲ. ಹುಳಕ್ಕೆ ಗೊತ್ತಾಗ್ತೈತೆ ಮೇಡಂ."

ನೀರು ಕೈಮೇಲೆ ಬೀಳುತ್ತಿದ್ದಂತೆ ನನಗೆ ಆ ದಿನ ನೆನಪಾಯಿತು. ಅವಳು ಒಳಕ್ಕೆ ತಾನಾಗಿ ಬಂದಿರಲಿಲ್ಲ. "ಬಾಮ್ಮ, ಈ ಬಾಟಲಿ ಹಿಡ್ಕೋ," ಎಂದು ಕರೆದವಳು ನಾನು. ಅವಳು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಳು. ಅತ್ತೆ ಹಿತ್ತಲಲ್ಲಿ ಸೊಪ್ಪು ಕತ್ತರಿಸುತ್ತಿದ್ದರು, ಅವಳ ಗಂಡ ನನ್ನ ಪಕ್ಕದಲ್ಲೇ ಇದ್ದ. ನಾಚಿಕೆ ಇರಬೇಕು ಅಂದುಕೊಂಡು "ಬೇಗ ಬಾ, ದ್ರಾವಣ ಹಾಳಾಗುತ್ತೆ," ಎಂದು ಸ್ವಲ್ಪ ಗದರಿಯೇ ಕರೆದೆ. ಅವಳು ಬಂದಳು. ಇದೆಲ್ಲ ಬಾಯಿತುದಿಗೆ ಬಂದರೂ ಅಂದು ಯಜಮಾನಿಗೆ ನಾನು ಹೇಳಲಿಲ್ಲ. ಕ್ಯಾನನ್ನು ಜೀಪಿಗೆ ಹಾಕಿಕೊಂಡು ಹೊರಟೆ.

ನಮ್ಮ ಪ್ರಯೋಗಾಲಯ ಇರುವುದು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ. ದಾರಿಯುದ್ದಕ್ಕೂ ಒಂದು ಕಡೆ ಒಣಹುಲ್ಲು, ಇನ್ನೊಂದು ಕಡೆ ಬೇಲಿ. ಅಲ್ಲಿ ನನ್ನ ಕೆಲಸ ರೇಷ್ಮೆ ಗ್ರಂಥಿಯ ಜೀವಕೋಶಗಳನ್ನು ನೋಡುವುದು. ಸಾಮಾನ್ಯವಾಗಿ ಜೀವಕೋಶವೊಂದು ತನ್ನ ಡಿಎನ್‌ಎಯನ್ನು ಒಮ್ಮೆ ನಕಲು ಮಾಡಿಕೊಂಡು ಎರಡಾಗಿ ಒಡೆಯುತ್ತದೆ. ಈಗ ನಕಲು ಮಾಡು, ಈಗ ಒಡೆ ಎಂದು ಅಪ್ಪಣೆ ಕೊಡುವವು ಸೈಕ್ಲಿನ್ ಎಂಬ ಪ್ರೋಟೀನುಗಳು ಮತ್ತು ಅವುಗಳ ಜೊತೆಗಾರರು. ರೇಷ್ಮೆ ಗ್ರಂಥಿಯ ಕಥೆಯೇ ಬೇರೆ. ಹುಳು ಮೊಟ್ಟೆಯಿಂದ ಹೊರಬರುವ ಹೊತ್ತಿಗೇ ಕೋಶಗಳ ಸಂಖ್ಯೆ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಒಂದೂ ಒಡೆಯುವುದಿಲ್ಲ. ಒಡೆ ಎನ್ನುವ ಅಪ್ಪಣೆ ನಿಂತುಹೋಗಿ, ನಕಲು ಮಾಡು ಎನ್ನುವುದೊಂದೇ ಉಳಿಯುತ್ತದೆ. ಒಂದೇ ಕೋಶದೊಳಗೆ ಡಿಎನ್‌ಎಯ ಪ್ರತಿಗಳು ಲಕ್ಷಗಟ್ಟಲೆಯಾಗುತ್ತವೆ. ಒಂದು ಸೀರೆಗೆ ಬೇಕಾಗುವ ಅಷ್ಟೊಂದು ನೂಲು ಇಷ್ಟು ಸಣ್ಣ ಜೀವದಿಂದ ಬರುವುದು ಈ ಬಗೆಯಲ್ಲಿ.

ಈ ಅಪ್ಪಣೆಯ ಪ್ರೋಟೀನುಗಳು ಅಷ್ಟಕ್ಕೇ ಸುಮ್ಮನಿರುವುದಿಲ್ಲ; ಯಾವ ಜೀನು ಯಾವಾಗ ಕೆಲಸ ಮಾಡಬೇಕೆಂಬುದರಲ್ಲೂ ಕೈಯಾಡಿಸುತ್ತವೆ. ಕೆಲವು ಜೀನುಗಳನ್ನು ತೆರೆಯಬೇಕಾದ ಪ್ರೋಟೀನನ್ನು ಇನ್ನೊಂದು ಪ್ರೋಟೀನು ಬಿಗಿಯಾಗಿ ಹಿಡಿದು ಕೂತಿರುತ್ತದೆ. ಸೈಕ್ಲಿನ್ ತಂಡ ಬಂದು ಆ ಹಿಡಿತ ಸಡಿಲಿಸಿದರೆ, ಬಿಡಿಸಿಕೊಂಡದ್ದು ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ನಕಲಿಗೆ ಬೇಕಾದ ಜೀನುಗಳೆಲ್ಲ ತೆರೆದುಕೊಳ್ಳುತ್ತವೆ. ಸೈಕ್ಲಿನ್ ಇಳಿದಾಗ ಅವು ಮುಚ್ಚುತ್ತವೆ. ನಾವು ಸಾಕಿದ ಹುಳುಗಳಲ್ಲಿ ಹಾಗೆ ಮುಚ್ಚಿದ ಮೇಲೆಯೇ ರೇಷ್ಮೆಯ ಜೀನು ಪೂರ್ತಿ ಜೋರು ಹಿಡಿಯುತ್ತಿತ್ತು. ಹುಳುವಿನ ಎಳೆತನವನ್ನು ಕಾಯುವ ಹಾರ್ಮೋನಿನಂಥದೇ ಔಷಧವನ್ನು ತುಸುವೇ ಕೊಟ್ಟರೆ ನಕಲು ಇನ್ನೊಂದು ಸುತ್ತು ನಡೆದು ರೇಷ್ಮೆ ಹೆಚ್ಚುತ್ತದೆ ಎಂಬುದು ನಮ್ಮ ಎಣಿಕೆ. ಪ್ರಯೋಗಾಲಯದಲ್ಲಿ ಹೆಚ್ಚಿತ್ತು. ಒಂದು ಮನೆಯಲ್ಲಿ ನೋಡಬೇಕಿತ್ತು, ಯಜಮಾನಿ ಒಪ್ಪಿದ್ದರು.

ಎರಡು ದಿನ ನಾನು ಆ ಹತ್ತು ಹುಳುಗಳ ಗ್ರಂಥಿಗಳ ಜೊತೆ ಕೂತೆ. ಅರೆದು, ಪ್ರೋಟೀನು ಬೇರ್ಪಡಿಸಿ, ಜೆಲ್ಲಿನ ಮೇಲೆ ಓಡಿಸಿ, ಪೊರೆಗೆ ಇಳಿಸಿ, ಸೈಕ್ಲಿನ್ನನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಹಚ್ಚಿದೆ. ಹಣ್ಣಾಗುವ ಹೊತ್ತಿಗೆ ಸೈಕ್ಲಿನ್ನಿನ ಪಟ್ಟಿ ಮಾಸಿ ಇಲ್ಲದಂತಾಗಬೇಕು. ಪರದೆಯ ಮೇಲೆ ಹತ್ತಕ್ಕೆ ಹತ್ತು ಪಟ್ಟಿಗಳೂ ಕಾಡಿಗೆ ತೀಡಿದಂತೆ ಕಪ್ಪಗೆ ಮೂಡಿದವು. ರೇಷ್ಮೆ ಜೀನಿನ ಆರ್‌ಎನ್‌ಎ ಅಳೆದೆ, ಇದ್ದೂ ಇಲ್ಲದಷ್ಟು. ಕೋಶಗಳು ಇನ್ನೂ ನಕಲು ಮಾಡುತ್ತಲೇ ಇದ್ದವು, ರೇಷ್ಮೆಯ ಕಡೆಗೆ ತಿರುಗಿಯೇ ಇರಲಿಲ್ಲ. ಔಷಧ ಹೆಚ್ಚಾದಾಗ ಹೀಗಾಗುವುದನ್ನು ಹಿಂದೆ ಒಂದೆರಡು ತಟ್ಟೆಗಳಲ್ಲಿ ನೋಡಿದ್ದೆ. ಮಾದರಿಗೆಂದು ಮೊದಲೇ ಎತ್ತಿಟ್ಟಿದ್ದ ದ್ರಾವಣದ ಬಾಟಲಿ ತೆಗೆದು ಪರೀಕ್ಷಿಸಿದೆ. ಅದರ ಪ್ರಮಾಣ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಗ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ದ್ರಾವಣ ಸರಿ ಇದ್ದರೆ ಹುಳುವಿನ ಲೆಕ್ಕ ತಪ್ಪಿರಬೇಕು.

ಹುಳುವಿನ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ.

ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಪ್ರಯೋಗದ ವಿಧಾನವನ್ನು ಹಾಳೆಯಲ್ಲಿ ಬರೆದವಳೇ ನಾನು. ಒಂದು ಅಡಿಯ ಮರದ ಚೌಕಟ್ಟನ್ನು ಹುಳು ಬಿಟ್ಟ ಹಾಸಿನ ಮೇಲಿಟ್ಟು ಅದರೊಳಗಿನ ಹುಳು ಎಣಿಸಿ, ಹಾಸಿನ ಉದ್ದಗಲದಿಂದ ಗುಣಿಸಿ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಚೌಕಟ್ಟು ಜೀಪಿನಲ್ಲೂ ಇತ್ತು. ಆದರೆ ನಾನೂ ಚಳ್ಳಕೆರೆ ತಾಲ್ಲೂಕಿನವಳೇ. ನನ್ನ ಅವ್ವನೂ ಹುಳು ಸಾಕಿದವಳು. ಹುಳುವಿನ ಮನೆಗೆ ಕಾಲು ತೊಳೆದು ಹೋಗಬೇಕು, ಎಷ್ಟಿವೆ ಎಂದು ಬಾಯಿ ಬಿಡಬಾರದು, ಬೆರಳು ತೋರಿಸಿ ಎಣಿಸಲೇಬಾರದು ಎಂದು ಬೆನ್ನಿಗೆ ಗುದ್ದು ತಿಂದು ಕಲಿತವಳು. ಹೊರಗಿನಿಂದ ಬಂದ ವಿಜ್ಞಾನಿಯಾಗಿದ್ದರೆ ಮುಲಾಜಿಲ್ಲದೆ ಎಣಿಸುತ್ತಿದ್ದೆ. ನಾನು ನಮ್ಮವಳಾಗಿ ಒಳ್ಳೆಯವಳಾಗಲು ಹೋದೆ. ನೂರು ಮೊಟ್ಟೆ ಎಂದು ಅವರು ಮೊಟ್ಟೆ ಕೊಂಡ ಚೀಟಿಯಲ್ಲಿತ್ತು. ಇಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು. ಅದರಿಂದಲೇ ಲೆಕ್ಕ ಕಟ್ಟಿ ದ್ರಾವಣ ಮಾಡಿ ಪೂರ್ತಿ ಸಿಂಪಡಿಸಿದೆ. ಹುಳು ವಿರಳವಾಗಿ ಹರಡಿದ್ದನ್ನು ಕಂಡು, ಎಷ್ಟು ಅಚ್ಚುಕಟ್ಟಾಗಿ ಸಾಕಿದ್ದಾರೆ ಎಂದು ಮೆಚ್ಚಿಯೂ ಬಂದಿದ್ದೆ.

ಹದಿಮೂರನೆಯ ದಿನ, ಗೂಡು ಕಟ್ಟದ ಆ ಹುಳುಗಳನ್ನು ಹೂಳುತ್ತಾರೆಂದು ತಿಳಿದು ಹೋದೆ. ಹೊಲದ ಮೂಲೆಯಲ್ಲಿ ಯಜಮಾನಿಯ ಮಗ ಗುಂಡಿ ತೋಡಿದ್ದ. ತಟ್ಟೆ ತಟ್ಟೆಯಾಗಿ ತಂದು ಸುರಿದರು. ರೋಗ ಬಂದ ಹುಳುಗಳಾದರೆ ಕಪ್ಪಾಗಿ ಕೊಳೆತಿರುತ್ತವೆ, ಸುರಿದು ಮುಖ ತಿರುಗಿಸಿಕೊಳ್ಳಬಹುದು. ಇವು ಬೆಳ್ಳಗೆ, ದಪ್ಪಗೆ, ಜೀವಂತವಾಗಿದ್ದವು. ಜೊತೆಗೆ ಬಿದ್ದ ಎಲೆ ಚೂರುಗಳನ್ನು ಗುಂಡಿಯಲ್ಲೂ ತಿನ್ನುತ್ತಿದ್ದವು. ಮೇಲೆ ಸುಣ್ಣ ಸುರಿದ ಮೇಲೂ ಸ್ವಲ್ಪ ಹೊತ್ತು ಆ ಸದ್ದು ಬರುತ್ತಲೇ ಇತ್ತು. ಮಗ ಗುದ್ದಲಿ ಕೆಳಗಿಟ್ಟು ದೂರ ಹೋಗಿ ನಿಂತ.

"ಅಮ್ಮ, ಒಂದು ಮಾತು," ಎಂದೆ ಯಜಮಾನಿಗೆ. "ಔಷಧ ಹೊಡೆದ ದಿನ ಒಳಗೆ ಎಷ್ಟು ಹುಳು ಇದ್ದವು? ನೂರು ಮೊಟ್ಟೆದೂ ಇದ್ವಾ?"

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಅದನ್ನ ಕೇಳಬಾರ್ದು. ನಿಮಗೂ ಗೊತ್ತೈತೆ."

"ಈಗ ಹೂತಾಯ್ತಲ್ಲ."

"ಹೂತ್ರೂ ಕೇಳಬಾರ್ದು." ಅವರೇ ಮುಂದುವರಿಸಿದರು. "ಶುಕ್ರವಾರ ಹಿರೇರು ಕೂರ್ತಾರೆ. ಅವಳನ್ನ ಇನ್ನು ಕರ್ಕೊಳ್ಳೋದು ಬ್ಯಾಡ ಅಂತ ಆಗೈತೆ. ನನ್ನ ಮಗ ಬಾಯಿ ಬಿಡ್ತಾ ಇಲ್ಲ. ನಾನೇನು ಮಾಡ್ಲಿ, ಮನೆ ನಡೀಬೇಕು."

ಆ ಮಗನನ್ನು ನೋಡಿದೆ. ಅವನು ಗುಂಡಿಯ ಕಡೆಗೆ ಬೆನ್ನು ಹಾಕಿ ನಿಂತಿದ್ದ. ಒಂದು ಬಾಟಲಿ ಹಿಡಿಯಲು ಬಂದ ತಪ್ಪಿಗೆ ಒಬ್ಬ ಹೆಣ್ಣುಮಗಳು ಗಂಡನ ಮನೆ ಕಳೆದುಕೊಳ್ಳುವುದರಲ್ಲಿದ್ದಳು. ಆ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಸೊಪ್ಪು ಹಾಕುತ್ತಿದ್ದವಳು ಅವಳೇ. ಹುಳು ಎಷ್ಟಿದ್ದವು ಎಂದು ಬಲ್ಲವಳೂ ಅವಳೇ. ಮಾರನೆಯ ದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹಿಡಿದೆ.

ಅವಳ ತವರು ನೇಯುವವರ ಮನೆ. ನಡುಮನೆಯ ಗುಳಿಮಗ್ಗದಲ್ಲಿ ಅವಳ ಅಣ್ಣ ಕೂತಿದ್ದ, ಎದುರಿಗೆ ಅರ್ಧ ನೇಯ್ದ ಸೀರೆ. ನನ್ನನ್ನು ಕಂಡು ಲಾಳಿ ನಿಲ್ಲಿಸಿ, "ಕೂರ್ಚೋಂಡಿ ಮೇಡಂ, ಕೂರ್ಚೋಂಡಿ," ಎಂದು ತೆಲುಗಿನಲ್ಲೇ ಉಪಚಾರ ಮಾಡಿ ಕೂರಿಸಿ ಒಳಗಿನ ತಂಗಿಗೆ, "ನೀಳ್ಳು ತೇಮ್ಮಾ," ಎಂದು ಕೂಗಿದ. ಅವಳು ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಮುಖ ಊದಿತ್ತು.

ನಾನು ಮೊದಲು ಕ್ಷಮೆ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಹುಳುವಿನ ಲೆಕ್ಕ ಕೇಳಿದಾಗ ಅಣ್ಣನ ಮುಖ ನೋಡಿದಳು.

"ಹೇಳು, ಇನ್ನೇನು ಹೋಗೋದೈತೆ," ಎಂದ ಅವನು.

"ಅರ್ಧವೇ ಇದ್ದಿದ್ದು ಅಕ್ಕ," ಎಂದಳು. "ಎರಡ್ನೇ ಜ್ವರ ಆದ್ಮೇಲೆ ಅರ್ಧ ಹುಳ ಇಲ್ಲಿಗೆ ಬಂದ್ವು. ನಮ್ಮಣ್ಣಂದು ಮರಿ ಹುಳ ಎಲ್ಲಾ ಹೋಗಿದ್ವು, ಸೊಪ್ಪು ಹಂಗೇ ನಿಂತಿತ್ತು. ನಮ್ಮತ್ತೇನೇ ಕೊಟ್ಟು ಕಳಿಸಿದ್ರು. ಬೆಳೆ ನಿಂತಿರುವಾಗ ಕೊಟ್ಟಿದ್ದು ಆಡಬಾರ್ದು ಅಂತ ಯಾರಿಗೂ ಹೇಳಿಲ್ಲ."

ಅರ್ಧ ಹುಳುವಿಗೆ ಇಡೀ ಔಷಧ. ಪ್ರತಿ ಹುಳುವಿಗೂ ಎರಡರಷ್ಟು ಬಿದ್ದಿತ್ತು. ಇಷ್ಟು ದಿನ ನನ್ನ ಕೈತಪ್ಪಿಸಿಕೊಂಡು ಓಡಾಡುತ್ತಿದ್ದ ಕಾರಣ ಇಷ್ಟೇ.

"ಇಲ್ಲಿಗೆ ಬಂದ ಹುಳು ಏನಾದವು?"

ಅಣ್ಣ ಮಗ್ಗದಿಂದೆದ್ದು ಹಿತ್ತಲಿಗೆ ಕರೆದುಕೊಂಡು ಹೋದ. ತಗಡಿನ ಚಪ್ಪರದ ಕೆಳಗೆ ಚಂದ್ರಿಕೆಗಳ ತುಂಬ ಗೂಡು, ಕಡಲೆಕಾಯಿ ತುಂಬಿಟ್ಟ ಹಾಗೆ ಒತ್ತೊತ್ತಾಗಿ, ಗಟ್ಟಿಯಾಗಿ. ಅದೇ ಮೊಟ್ಟೆ, ಅದೇ ಚೀಟಿ, ಔಷಧವಿಲ್ಲದ ಅರ್ಧ. ಬೇಕೆಂದು ಯೋಜನೆ ಹಾಕಿದ್ದರೂ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಗುತ್ತಿರಲಿಲ್ಲ. ನನ್ನ ಮುಖ ಅರಳಿರಬೇಕು, ಅವನು ಕಹಿಯಾಗಿ ನಕ್ಕ.

"ನೀವು ಖುಷಿ ಪಡ್ತೀರಿ. ನಾವು ಇದನ್ನ ಮುಚ್ಚಿಡಾಕೆ ಜಾಗ ಹುಡುಕ್ತಾ ಇದ್ದೀವಿ. ನನ್ನಿವಾಳಕ್ಕೆ ಸುದ್ದಿ ಮುಟ್ಟೈತೆ. ಅವಳು ಇಲ್ಲಿಗೆ ಬಂದ ದಿನವೇ ನಮ್ಮ ಹುಳ ಹಣ್ಣಾದ್ವು. ಮನೆ ಲಕ್ಷ್ಮೀನ ಕಟ್ಕೊಂಡು ತವರಿಗೆ ಒಯ್ದವ್ಳೆ ಅಂತಾರೆ. ಶುಕ್ರವಾರ ಇದನ್ನೇ ಎತ್ತಾಡ್ತಾರೆ."

ಅಲ್ಲಿಯವರೆಗೆ ನಾನು ಪುರಾವೆ ಸಿಕ್ಕಿದರೆ ಸಾಕು ಎಂದುಕೊಂಡಿದ್ದೆ. ನನ್ನ ಕಣ್ಣಿಗೆ ಅವಳನ್ನು ಬಿಡಿಸುವ ಗೂಡುಗಳೇ ನನ್ನಿವಾಳದವರ ಕಣ್ಣಿಗೆ ಅವಳನ್ನು ಕಟ್ಟಿಹಾಕುವ ಗೂಡುಗಳಾಗಿದ್ದವು. ಗೂಡು ತೋರಿಸಿ ಪ್ರಯೋಜನವಿರಲಿಲ್ಲ. ತಪ್ಪು ಮಾಡಿದವರು ಎದುರಿಗೆ ನಿಂತು ಮಾಡಿದ್ದೇನೆ ಎನ್ನಬೇಕಿತ್ತು.

ಪ್ರಯೋಗಾಲಯದಲ್ಲಿ ನಮ್ಮ ಹಿರಿಯ ವಿಜ್ಞಾನಿ ನನ್ನ ವರದಿಯ ಕರಡನ್ನು ಎರಡು ಸಲ ಓದಿದರು. ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾರಣ ಖಚಿತವಾಗಿಲ್ಲ ಅಂತ ಬರೆದರೆ ಸುಳ್ಳಾಗಲ್ಲ," ಎಂದರು. "ಎಣಿಸಿಲ್ಲ ಅನ್ನೋ ಒಂದು ಸಾಲು ಬರೆದುಬಿಟ್ಟರೆ ಈ ಪ್ರಯೋಗ ಇಲ್ಲಿಗೆ ನಿಲ್ಲುತ್ತೆ. ನಿನ್ನ ಹೆಸರಿನ ಮುಂದೆ ಅದೇ ಉಳಿಯುತ್ತೆ. ಅದೂ ಅಲ್ಲದೆ, ಅವರ ಮನೆ ಜಗಳದಲ್ಲಿ ನಾವ್ಯಾಕೆ ಮೂಗು ತೂರಿಸಬೇಕು?"

"ಅವಳನ್ನ ಒಳಗೆ ಕರೆದದ್ದು ನಾನೇ ಸರ್," ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿನ್ನಿಷ್ಟ. ನಾನು ತಿದ್ದಲ್ಲ," ಎಂದು ಹಾಳೆಗಳನ್ನು ನನ್ನ ಕಡೆ ಸರಿಸಿದರು. ಆ ಸಾಲನ್ನು ಹಾಗೇ ಬಿಟ್ಟು ಸಹಿ ಹಾಕಿದೆ. ಆ ಕೆಲಸಕ್ಕೆ ನಾಲ್ಕು ವರ್ಷ ಹಾಕಿದ್ದೆ.

ಶುಕ್ರವಾರ ಮಧ್ಯಾಹ್ನ ನನ್ನಿವಾಳದ ಬೇವಿನ ಕಟ್ಟೆಯ ಮೇಲೆ ಐದಾರು ಹಿರಿಯರು ಕೂತಿದ್ದರು. ಯಜಮಾನಿ ಕೆಳಗೆ ನೆಲದ ಮೇಲೆ, ಮಗ ಅವರ ಹಿಂದೆ. ಮೊಳಕಾಲ್ಮೂರಿನ ಅಣ್ಣ ಒಬ್ಬನೇ ಬಂದು ದೂರದಲ್ಲಿ ನಿಂತಿದ್ದ. ನಾನು ಅಪ್ಪಣೆ ಕೇಳಿ ಮಾತಾಡಿದೆ. ಸೈಕ್ಲಿನ್ ಎಂಬ ಹೆಸರನ್ನು ಎತ್ತಲಿಲ್ಲ. ಹುಳುವಿನ ಹೊಟ್ಟೆಯೊಳಗೆ ರೇಷ್ಮೆಗೆ ತಯಾರಿ ಮಾಡಿಸುವ ಒಂದು ಅಪ್ಪಣೆ ಇರುತ್ತದೆ, ತಯಾರಿ ಮುಗಿದ ಮೇಲೆ ಅದು ಸುಮ್ಮನಾಗಬೇಕು, ಆಗಲೇ ರೇಷ್ಮೆ ಹೊರಡುವುದು. ನಮ್ಮ ಔಷಧ ಎರಡರಷ್ಟು ಬಿದ್ದು ಅದು ಸುಮ್ಮನಾಗಲೇ ಇಲ್ಲ ಎಂದೆ. ಹುಳು ಎಣಿಸಬೇಕಾದದ್ದು ನನ್ನ ಕೆಲಸ, ಎಣಿಸಲಿಲ್ಲ ಎಂದೆ.

ಯಜಮಾನಿ ತಲೆ ಎತ್ತಿದರು. "ಮುದ್ದೆಗೆ ಅಂತ ಹಿಟ್ಟು ಬೀಸ್ತಾನೇ ಇದ್ದು, ಎಸರು ಇಡದೇ ಹೋದಂಗೆ?"

"ಹೌದಮ್ಮ. ಹಾಗೇ."

"ಎಣಿಸ್ತೀನಿ ಅಂದಿದ್ರೆ ನಾನು ಒಳಕ್ಕೇ ಬಿಡ್ತಿರ್ಲಿಲ್ಲ."

"ಬಿಡದಿದ್ದರೆ ಔಷಧ ಹೊಡೆಯದೆ ವಾಪಸ್ ಹೋಗಬೇಕಿತ್ತು. ಅದೂ ನನ್ನ ತಪ್ಪೇ."

ಕಟ್ಟೆಯ ಮೇಲಿನ ಹಿರಿಯರೊಬ್ಬರು ಕೋಲನ್ನು ನೆಲಕ್ಕೆ ಕುಟ್ಟಿದರು. "ಅದೆಲ್ಲ ಇರ್ಲಿ ತಾಯಿ. ಹೊರಗಾದೋಳು ಹುಳದ ಮನೆಗೆ ಹೋಗಿದ್ದು ಸುಳ್ಳಾ?"

"ಸುಳ್ಳಲ್ಲ. ಅವಳು ಹೊಸ್ತಿಲಲ್ಲೇ ನಿಂತಿದ್ದಳು, ಗದರಿಸಿ ಒಳಗೆ ಕರೆದದ್ದು ನಾನು." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅವಳ ಊದಿದ ಮುಖ ಕಣ್ಣೆದುರು ಇತ್ತು, ನನಗೆ ಸಿಟ್ಟೂ ಬಂದಿತ್ತು. "ನಾನು ತಿಂಗಳ ಮೂವತ್ತು ದಿನವೂ ಹುಳು ಮುಟ್ಟುತ್ತೀನಿ ಯಜಮಾನರೇ. ಆ ದಿನಗಳಲ್ಲೂ ಮುಟ್ಟುತ್ತೀನಿ. ನಮ್ಮಲ್ಲಿ ಗೂಡು ಕಟ್ಟುತ್ತವೆ."

ಇಬ್ಬರು ಹಿರಿಯರು ಮುಖ ಬೇರೆ ಕಡೆ ತಿರುಗಿಸಿದರು. ಯಜಮಾನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ದಿನ ಮನೆಯೊಳಗೆ ಯಾರನ್ನು ಬಿಟ್ಟುಕೊಂಡಿದ್ದೆ ಎಂದು ಆಗ ಲೆಕ್ಕ ಹಾಕುತ್ತಿದ್ದಂತಿತ್ತು. ಆಮೇಲೆ ಮಗ ಮೊದಲ ಸಲ ಬಾಯಿ ಬಿಟ್ಟ.

"ಅವ್ವ, ಅವಳು ಬರ್ಲಿ. ನಾನೇ ಪಕ್ಕದಾಗಿದ್ದೆ, ಮೇಡಂ ಗದರಿದ್ದು ಕೇಳಿಸ್ಕಂಡಿದ್ದೆ. ಹೇಳಿಲ್ಲ."

ತೀರ್ಮಾನ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸೊಸೆ ವಾಪಸ್ ಬರಲಿ, ಮುಂದಿನ ಬೆಳೆಗೆ ಅವಳೇ ಸೊಪ್ಪು ಹಾಕಲಿ, ಆ ಬೆಳೆ ಎದ್ದರೆ ಮಾತು ಮುಗಿಯಿತು. ಏಳದಿದ್ದರೆ ಏನೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹುಳು ಸಾಕುವವರಿಗೆ ಗೊತ್ತು, ಯಾವ ಬೆಳೆಯೂ ಕೈಗೆ ಬರುವವರೆಗೆ ನಂಬಿಕೆಯದಲ್ಲ. ಶಾಖ ಏರಬಹುದು, ಸೊಪ್ಪಿನಲ್ಲಿ ತೇವ ಉಳಿಯಬಹುದು, ಏನು ಬೇಕಾದರೂ ಆಗಬಹುದು. ಒಬ್ಬಳ ಬಾಳನ್ನು ಅದರ ಮೇಲೆ ಇಟ್ಟು ಎದ್ದರು.

ನಮ್ಮ ಪ್ರಯೋಗ ನಿಂತಿತು. ಮುಂದಿನ ಬೆಳೆಗೆ ಔಷಧವಿರಲಿಲ್ಲ, ನನಗೆ ಅಲ್ಲಿ ಕೆಲಸವೂ ಇರಲಿಲ್ಲ. ಆದರೂ ನಾಲ್ಕನೆಯ ಜ್ವರ ಬಿಟ್ಟ ಐದನೆಯ ದಿನ ತಡೆಯಲಾರದೆ ಹೋದೆ. ಕಾಲು ತೊಳೆದು ಹುಳುವಿನ ಮನೆಯ ಹತ್ತಿರ ಬಂದಾಗ ಯಜಮಾನಿ ಬಾಗಿಲಿಗೆ ಅಡ್ಡ ನಿಂತರು.

"ನೀವು ಅಲ್ಲೇ ನಿಲ್ರಿ ಮೇಡಂ."

ಔಷಧ ಹೊಡೆದವಳೆಂದೋ, ಆ ದಿನಗಳಲ್ಲೂ ಹುಳು ಮುಟ್ಟುವವಳೆಂದೋ, ನಾನು ಕೇಳಲಿಲ್ಲ. ಹೊಸ್ತಿಲಾಚೆ ನಿಂತೆ. ಒಳಗೆ ಸೊಸೆ ಸೊಪ್ಪಿನ ಕುಕ್ಕೆ ಇಳಿಸಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಮರದ ಚೌಕಟ್ಟನ್ನೂ ನೋಡಿದಳು. ಯಾಕೆ ತಂದಿದ್ದೆನೋ, ಅಭ್ಯಾಸ. ಹತ್ತಿರ ಬಂದು ಅದನ್ನು ಇಸಿದುಕೊಂಡು ಹೋಗಿ ಹಾಸಿನ ಮೇಲಿಟ್ಟಳು. ಬೆರಳು ತೋರಿಸುತ್ತ, ಹೊರಗೆ ಕೇಳಿಸುವಷ್ಟು ಗಟ್ಟಿಯಾಗಿ ಎಣಿಸತೊಡಗಿದಳು. ಒಂದು, ಎರಡು, ಮೂರು.

ಯಜಮಾನಿ ತಿರುಗಿ ಸೊಸೆಯ ಕಡೆ ಕಣ್ಣು ಬಿಟ್ಟರು. ಈಗ ಗದರುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ಎರಡು ಕಿವಿಯೂ ಮುಚ್ಚುವಂತೆ ತಲೆಗೆ ಸುತ್ತಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ಅಂಗಳದ ಕಡೆ ನೋಡುತ್ತ ನಿಂತರು. ಎಪ್ಪತ್ತೊಂದು, ಎಪ್ಪತ್ತೆರಡು. ನಾನು ಹೊರಗೆ ನಿಂತು ಬರೆದುಕೊಂಡೆ. ಒಳಗೆ ತಿನ್ನುವ ಸದ್ದು ಹಿಂದಿನ ಸಲದ ಹಾಗೇ ಇತ್ತು. ನನಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ.

ಆರನೆಯ ದಿನ ಹೋಯಿತು, ಏಳನೆಯ ದಿನವೂ ಹೋಯಿತು. ಎಂಟನೆಯ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಜೆಲ್ ಸುರಿಯುತ್ತಿದ್ದಾಗ ಅವಳ ಫೋನು ಬಂತು. ಕೈಗವಸು ಕಿತ್ತೆಸೆದು ಎತ್ತಿದೆ.

"ಅಕ್ಕ, ಕೇಳ್ರಿ," ಎಂದಳು, ದನಿಯಲ್ಲಿ ನಗುವಿತ್ತು.

ಫೋನನ್ನು ಹುಳುವಿನ ಮನೆಯೊಳಗೆ ಹಿಡಿದಿದ್ದಳು. ನಾನು ಕಿವಿಗೊಟ್ಟು ಕೇಳಿದೆ. ಏನೂ ಕೇಳಿಸಲಿಲ್ಲ. ತಿನ್ನುವ ಸದ್ದು ನಿಂತಿತ್ತು.